ಸಲಾಯಿನ್ ಹಚ್ಚಿಸಿಕೊಂಡ ಜೀಪು

ಹಳೆಯ ಜೀಪು ಇಟ್ಟುಕೊಂಡವನು ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೆಲ್ಫ್ ಹೊಡೆದರೆ ಸಾಕು, ಎಂಜಿನ್ ಶುರುವಾಗದಿದ್ದರೂ ಪ್ರಸಂಗ ಶುರುವಾಗುತ್ತದೆ.

ನಾನು ಮೂಡಲಗಿ ಕಡೆ ದನದ ಡಾಕ್ಟರ್. ಮನೆ ಗೋಕಾಕದಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೊಲದ ನಡುವಿನ ಮನೆಗಳಿಗೆ ಹೋಗಬೇಕೆಂದರೆ ಬಸ್ಸು ಅರ್ಧ ದಾರಿಗೆ ಇಳಿಸುತ್ತಿತ್ತು, ಮೋಟಾರ್ ಸೈಕಲ್ಲು ಎರೆಮಣ್ಣಿನಲ್ಲಿ ನನ್ನ ಸಮೇತ ಮಲಗುತ್ತಿತ್ತು. ಹಿಡಕಲ್ ಅಣೆಕಟ್ಟಿನ ಹತ್ತಿರ ಒಬ್ಬ ಗುತ್ತಿಗೆದಾರ ಜೀಪು ಮಾರುತ್ತಾನೆಂದು ಕೇಳಿ ಹೋದೆ. ಜೀಪಿಗೆ ಬಣ್ಣ ಉಳಿದಿರಲಿಲ್ಲ, ಬಾಗಿಲು ಇರಲಿಲ್ಲ. ಮೂಲ ಡೀಸೆಲ್ ಟ್ಯಾಂಕು ತೂತಾಗಿದ್ದರಿಂದ ಯಾವುದೋ ಬಾವಿಯ ಪಂಪ್‌ಸೆಟ್ಟಿನ ಟ್ಯಾಂಕನ್ನು ತಂದು ಎಡಗಡೆ ಸೀಟಿನ ಕೆಳಗೆ ಕೂಡಿಸಿದ್ದ. ಆದರೆ ಗೇರಿನ ಪಕ್ಕದ ಒಂದು ಪುಟ್ಟ ಲಿವರ್ ತೋರಿಸಿ, "ಫೋರ್‌ವೀಲ್ ಐತ್ರಿ ಸಾಹೇಬ್ರ, ಇದನ್ನ ಎಳದ್ರ ಗುಡ್ಡಾ ಏರತೈತಿ" ಅಂದ. ನಾನು ಗುಡ್ಡವನ್ನೇ ಕೊಂಡವನಂತೆ ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಮನೆಯಾಕೆ ಹೊರಗೆ ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದಳು. "ಇದನ್ನ ಔಷಧ ಹಾಕಿ ಕಳಸಾಕ ತಂದೀರೋ, ಇಟ್ಗೊಳ್ಳಾಕ ತಂದೀರೋ?" ಎಂದು ಕೇಳಿದಳು.

ನನಗೆ ಆ ಗಾಡಿಯ ಮೇಲೆ ಪ್ರೀತಿ ಇತ್ತು, ಅದನ್ನು ಮುಚ್ಚಿಡುವುದೇಕೆ. ಆದರೆ ಪಗಾರದಲ್ಲಿ ಮನೆ, ಮಕ್ಕಳ ಸಾಲಿ ಎಲ್ಲ ಮುಗಿದ ಮೇಲೆ ಜೀಪಿನ ಪಾಲಿಗೆ ಉಳಿಯುತ್ತಿದ್ದುದು ಪ್ರೀತಿ ಒಂದೇ. ಹಾಗಾಗಿ ಅದರ ಬಹುಪಾಲು ರಿಪೇರಿ ನನ್ನ ಔಷಧದ ಪೆಟ್ಟಿಗೆಯಿಂದಲೇ ನಡೆಯುತ್ತಿತ್ತು. ಸೈಲೆನ್ಸರ್ ಒಡೆದಾಗ ಕರುವಿನ ಮುರಿದ ಕಾಲಿಗೆ ಕಟ್ಟುವ ಪಟ್ಟಿ ಕಟ್ಟಿದ್ದೆ. ಗೋಕಾಕದ ಬಜಾರಿನಲ್ಲಿ ಜನ ನನ್ನನ್ನು ಕಂಡರೆ ಮೊದಲು ಜೀಪಿನ ಆರೋಗ್ಯ ಕೇಳುತ್ತಿದ್ದರು, ಆಮೇಲೆ ನನ್ನದು.

೧. ಒಳಗೂ ಮಳೆ

ಹುಕ್ಕೇರಿಯಲ್ಲಿ ಮನೆಯಾಕೆಯ ಕಡೆಯವರದೊಂದು ಮದುವೆ. ಜೀಪಿನ ಟಾರ್ಪಾಲು ಅಲ್ಲಲ್ಲಿ ಹರಿದಿತ್ತು. ಯೂರಿಯಾ ಚೀಲಗಳನ್ನು ಕತ್ತರಿಸಿ, ಆಕಳ ಗಾಯಕ್ಕೆ ಹಾಕುವ ಹೊಲಿಗೆಯನ್ನೇ ಹಾಕಿ ತೇಪೆ ಹಚ್ಚಿದೆ. ಹೊಲಿಗೆ ಅಚ್ಚುಕಟ್ಟಾಗಿತ್ತು. ಆಕಳಾಗಿದ್ದರೆ ವಾರದೊಳಗೆ ಕೂಡಿಕೊಳ್ಳುತ್ತಿತ್ತು. ಜೀಪು ಕೂಡಿಕೊಳ್ಳಲಿಲ್ಲ.

ಘಟಪ್ರಭಾ ದಾಟಿದ ಮೇಲೆ ಮಳೆ ಹಿಡಿಯಿತು. ರೇಷ್ಮೆ ಸೀರೆ ಉಟ್ಟಿದ್ದ ಮನೆಯಾಕೆ ಜೀಪಿನೊಳಗೇ ಕೊಡೆ ಬಿಚ್ಚಿದಳು. ಹಾಗೆಯೇ ಮದುವೆ ಮನೆ ತಲುಪಿದೆವು. ಅಲ್ಲಿ ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ಟಾರ್ಪಾಲಿನ ಮೇಲೆ ಯೂರಿಯಾ ಎಂದು ಬರೆದದ್ದನ್ನು ಓದಿ ಕೈ ಬೀಸಿದರು.

"ಸಾಮಾನಿನ ಗಾಡಿ ಹಿಂದ ಹಚ್ರಿ, ಅಡಗಿ ಮನಿ ಕಡೆ."

"ಸಾಮಾನಲ್ರಿ, ನಾವು ಬೀಗರು" ಅಂದೆ.

ಅವರು ಬಗ್ಗಿ ಒಳಗೆ ನೋಡಿದರು. ಕೊಡೆ ಹಿಡಿದು ಕೂತಾಕೆಯನ್ನು ಕಂಡು ಬಹಳ ಕಾಳಜಿಯಿಂದ ಕೇಳಿದರು: "ಅವ್ವಾರ, ಒಳಗೂ ಮಳಿ ಐತೇನ್ರಿ?"

ಇಷ್ಟಕ್ಕೇ ಮುಗಿದಿದ್ದರೆ ನಾನು ಪಾರಾಗುತ್ತಿದ್ದೆ. ವಾಪಸು ಬರುವಾಗ ಊರ ಹೊರಗಿನ ಏರಿನಲ್ಲಿ ಗಾಡಿ ನಿಂತಿತು. ದೂಡಲು ಬೇರೆ ಯಾರೂ ಇರಲಿಲ್ಲ. ಆಕೆ ಸೆರಗು ಸಿಕ್ಕಿಸಿ ಹಿಂದೆ ಹೋದಳು.

"ಎತ್ತಿಗಾದ್ರ ಕಾರಹುಣ್ಣಿಮಿಗೆ ಮೈ ತೊಳದು ಹೋಳಿಗಿ ತಿನಸ್ತಾರ. ನನಗೇನ್ ತಿನಸ್ತೀರಿ?" ಎಂದು ಹಿಂದಿನಿಂದ ದನಿ ಬಂತು. "ಕೇಳ್ರಿ, ಇದ ಕಡೀದು. ಇನ್ನೊಮ್ಮೆ ನಾ ಕುಂತಾಗ ಇದು ನಿಂತ್ರ, ಗುಜರಿಯವಗ ಕೊಟ್ಟಬಿಡೂದ. ಹೂಂ ಅಂತೀರೋ, ಕೈ ಬಿಡ್ಲೋ?"

ಹೂಂ ಅಂದೆ. ಏರಿನಲ್ಲಿ ಗಾಡಿ ದೂಡುತ್ತಿರುವವರ ಮಾತನ್ನು ಸ್ಟಿಯರಿಂಗ್ ಹಿಡಿದು ಕೂತವನು ಮೀರುವ ಹಾಗಿಲ್ಲ.

೨. ಎಮ್ಮೆಗೂ ಅದನ್ನೇ ಹಾಕಿ

ಕಲ್ಲೋಳಿಯಲ್ಲಿ ಒಬ್ಬ ಅಜ್ಜಿಯ ಎಮ್ಮೆ ಕರು ಹಾಕಿ ನೆಲ ಹಿಡಿದಿತ್ತು. ಇಂಥದಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತೇವೆ. ಏರಿಸಿ, "ಮಧ್ಯಾಹ್ನದೊಳಗೆ ಏಳುತ್ತದೆ" ಎಂದು ಹೇಳಿ ಹೊರಗೆ ಬಂದರೆ ಜೀಪಿನ ಕೆಳಗೆ ಡೀಸೆಲ್ ಹರಿಯುತ್ತಿತ್ತು. ಪೈಪು ಸೀಳಿತ್ತು. ಬೇರೆ ಪೈಪು ಎಲ್ಲಿಂದ ತರಲಿ? ಪೆಟ್ಟಿಗೆಯಲ್ಲಿದ್ದ ಇನ್ನೊಂದು ಸಲಾಯಿನ್ ಟ್ಯೂಬ್ ತೆಗೆದು, ಕತ್ತರಿಸಿ, ಅದನ್ನೇ ಜೋಡಿಸಿದೆ. ಸೆಲ್ಫ್ ಹೊಡೆದೆ, ಗಾಡಿ ಗರ್ಜಿಸಿ ಎದ್ದಿತು.

ಅಜ್ಜಿ ಎಲ್ಲವನ್ನೂ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅವಳ ಎಮ್ಮೆ ಇನ್ನೂ ಮಲಗಿಯೇ ಇತ್ತು.

"ಸಾಹೇಬ್ರ, ಎಮ್ಮಿಗೂ ಸಲಾಯಿನ್ ಹಚ್ಚೀರಿ, ಗಾಡಿಗೂ ಹಚ್ಚೀರಿ. ಗಾಡಿ ಎದ್ದತು, ಎಮ್ಮಿ ಯಾಕ ಏಳಲಿಲ್ಲ? ನಿಮ್ಮ ಗಾಡಿಗೆ ಚೊಲೊ ಔಷಧ ಇಟಗೊಂಡು, ನಮಗ ಹಳೇದ ಹಾಕೀರೇನು?"

"ಅಜ್ಜಿ, ಗಾಡಿಗೆ ಹೋಗೂದು ಡೀಸೆಲ್" ಅಂದೆ.

"ಅದನ್ನ ಹಾಕ್ರಲ್ಲ ಮತ್ತ."

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ತಪ್ಪಿಸಿಕೊಳ್ಳಲು ಎಮ್ಮೆಗೆ ಇನ್ನೊಂದು ಬಾಟಲಿ ಏರಿಸಿ, ಇದು ಗಾಡಿಗೆ ಹಾಕಿದ್ದೇ ಎಂಬಂತೆ ತಲೆಯಾಡಿಸಿ ಹೊರಟೆ. ಎಮ್ಮೆ ಹೇಳಿದ ಹೊತ್ತಿಗೆ ಎದ್ದಿತು. ಅಜ್ಜಿ ಓಣಿ ತುಂಬ ಹೇಳಿಕೊಂಡು ಬಂದಳು. ಕೆಲವೇ ದಿನಗಳಲ್ಲಿ ರೈತನೊಬ್ಬ ಮುದಿ ಆಕಳನ್ನು ಹೊಡೆದುಕೊಂಡು ಆಸ್ಪತ್ರೆಗೆ ಬಂದ. ಕಂಕುಳಲ್ಲಿ ಒಂದು ಕ್ಯಾನು.

"ಡೀಸೆಲ್ ನಾವ ತಂದೇವ್ರಿ ಸಾಹೇಬ್ರ" ಅಂದ. "ಸೂಜಿ ಅಷ್ಟ ನಿಮ್ಮದು."

೩. ಚಾಲೂ ಇದ್ದಾಗ ರಿಪೇರಿ

ಗೋಕಾಕದ ನನ್ನ ಮಿಸ್ತ್ರಿಗೆ ಜೀಪಿನ ಯಾವ ರೋಗವೂ ದೊಡ್ಡದಲ್ಲ. ಬ್ರೇಕು ಹಿಡಿಯುವುದಿಲ್ಲ ಎಂದರೆ "ನಡೀತೈತ್ರಿ", ಗೇರು ಬೀಳುವುದಿಲ್ಲ ಎಂದರೆ "ನಡೀತೈತ್ರಿ". ನಡೆಯುವುದೇ ಇಲ್ಲ ಎಂದಾಗ ಮಾತ್ರ ಎದ್ದು ಬರುತ್ತಿದ್ದ. ಬಂದು, ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತನ್ನ ಕಿವಿಗೆ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಏನು ಕೇಳಿಸುತ್ತಿತ್ತೋ ದೇವರೇ ಬಲ್ಲ. ಆತನಿಗೂ ಗೊತ್ತಿರಲಿಲ್ಲ ಎಂದು ನನ್ನ ಅನುಮಾನ. ಒಮ್ಮೆ ಕನಿಕರ ಬಂದು ನನ್ನ ಹಳೆಯ ಸ್ಟೆತಾಸ್ಕೋಪನ್ನು ಆತನಿಗೆ ಕೊಟ್ಟೆ. ಅಂದಿನಿಂದ ಅದು ಆತನ ಕೊರಳು ಬಿಟ್ಟು ಇಳಿಯಲಿಲ್ಲ. ಚಹಾದಂಗಡಿಗೂ ಹಾಕಿಕೊಂಡೇ ಹೋಗುತ್ತಿದ್ದ.

ಒಂದು ದಿನ ಗಾಡಿ ಪರೀಕ್ಷೆ ಮಾಡುತ್ತೇನೆಂದು ನನ್ನ ಜೊತೆ ಮೂಡಲಗಿ ಕಡೆ ಬಂದ. ಒಂದು ಮನೆಯಲ್ಲಿ ನಾನು ಒಳಗೆ ಕೈ ತೊಳೆಯುತ್ತಿದ್ದೆ. ಹೊರಗೆ ಮನೆಯ ಯಜಮಾನ ಕೊರಳಲ್ಲಿ ಸ್ಟೆತಾಸ್ಕೋಪು ಇದ್ದವನೇ ಡಾಕ್ಟರೆಂದು ತಿಳಿದು ಎತ್ತು ತಂದು ನಿಲ್ಲಿಸಿದ. ನಮ್ಮ ಮಿಸ್ತ್ರಿ "ನಾ ಡಾಕ್ಟರ್ ಅಲ್ಲ" ಎಂದು ಹೇಳುವ ಜಾತಿಯವನಲ್ಲ. ಗಂಭೀರವಾಗಿ ಬಗ್ಗಿ, ಎತ್ತಿನ ಹಿಂದಿನಿಂದ ಹೋಗಿ, ಹೊಟ್ಟೆಯ ಅಡಿಗೆ ತಲೆ ಹಾಕಿದ. ಜೀಪಿನ ಅಡಿಗೆ ಹಾಕಿದ ರೂಢಿ.

ನಾನು ಹೊರಗೆ ಬರುವಷ್ಟರಲ್ಲಿ ಆತ ಸಗಣಿ ತಿಪ್ಪೆಯ ಮೇಲಿದ್ದ. ಸ್ಟೆತಾಸ್ಕೋಪು ಬೇವಿನ ಟೊಂಗೆಯಲ್ಲಿತ್ತು. ಎಬ್ಬಿಸಿ ಕೂರಿಸಿ ನೀರು ಕೊಟ್ಟೆ. ತೊಡೆ ತಿಕ್ಕಿಕೊಳ್ಳುತ್ತ ಬಹಳ ಹೊತ್ತು ನನ್ನನ್ನು ನೋಡಿದ. ಆ ನೋಟದಲ್ಲಿ ಮೊದಲ ಸಲ ನನ್ನ ಮೇಲೆ ಗೌರವ ಕಂಡಿತು.

"ಸಾಹೇಬ್ರ, ನಾ ಗಾಡಿ ಬಂದ್ ಮಾಡಿ ರಿಪೇರಿ ಮಾಡ್ತೀನಿ" ಅಂದ. "ನೀವು ಚಾಲೂ ಇದ್ದಾಗನ ಮಾಡಬೇಕಲ್ರಿ."

೪. ಧೈರ್ಯಕ್ಕೊಂದು ಲಿವರ್

ಫೋರ್‌ವೀಲ್ ಲಿವರನ್ನು ನಾನು ಬಹಳ ಕಾಲ ಮುಟ್ಟಿರಲಿಲ್ಲ. ಅದು ನನ್ನ ಆಪತ್ತಿನ ಗಂಟು. ಎಂಥ ಕೆಸರು ಬಂದರೂ ಲಿವರ್ ಇದೆಯಲ್ಲ ಎಂದುಕೊಂಡು ಬೇರೆ ಡಾಕ್ಟರುಗಳು ಹೋಗದ ದಾರಿಗೆಲ್ಲ ಹೋಗುತ್ತಿದ್ದೆ.

ಒಂದು ಮಳೆಗಾಲ ಮೂಡಲಗಿಯ ಆಚೆ ಕಬ್ಬಿನ ಗದ್ದೆಗಳ ನಡುವೆ ಹಿಂದಿನ ಗಾಲಿಗಳು ಎರೆಮಣ್ಣಿನಲ್ಲಿ ಹೂತವು. ಕೊನೆಗೂ ಕಾಲ ಬಂತೆಂದು, ದೇವರ ಹೆಸರು ಹೇಳಿ ಲಿವರ್ ಎಳೆದೆ. ಕಟಕ್ ಎಂದು ಬಹಳ ಚಂದದ ಸಪ್ಪಳವಾಯಿತು. ಹಿಂದಿನ ಗಾಲಿ ಇನ್ನೂ ಆಳಕ್ಕೆ ಇಳಿದವು. ಮುಂದಿನವು ನನಗೂ ತಮಗೂ ಸಂಬಂಧವಿಲ್ಲದ ಹಾಗೆ ಸುಮ್ಮನೆ ನಿಂತಿದ್ದವು.

ಪಕ್ಕದ ಹೊಲದವ ಎತ್ತು ಬಿಚ್ಚಿಕೊಂಡು ಬಂದ. ಹಗ್ಗ ಕಟ್ಟುತ್ತ, "ಇದಕ್ಕ ಫೋರ್‌ವೀಲ್ ಅಂತಾರಲ್ರಿ, ಹಂಗಂದ್ರೇನು?" ಎಂದು ಕೇಳಿದ.

"ನಾಕೂ ಗಾಲಿ ಎಳೀತಾವು" ಅಂದೆ, ನಾಚಿಕೆ ಬಿಟ್ಟು.

"ಹೌದ್ರಿ? ನಮ್ಮೂ ಹಂಗ. ಎಂಟೂ ಕಾಲ ಎಳೀತಾವು" ಎಂದು ಎತ್ತುಗಳನ್ನು ಚಪ್ಪರಿಸಿದ. ಎಳೆದೇ ಬಿಟ್ಟವು.

ಗೋಕಾಕಕ್ಕೆ ಬಂದು ಮಿಸ್ತ್ರಿಗೆ ತೋರಿಸಿದೆ. ಅಡಿಗೆ ತೂರಿದವನು ನಗುತ್ತ ಹೊರಗೆ ಬಂದ. ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ದೊಡ್ಡ ಶಾಫ್ಟು ಅಲ್ಲಿ ಇರಲೇ ಇಲ್ಲ. ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಅಷ್ಟು ದಿನ ಸಾಮಾನ್ಯ ಗಾಡಿಯಲ್ಲಿ ಫೋರ್‌ವೀಲಿನ ಧಿಮಾಕು ಮಾಡಿದ್ದೆ. ಸಿಟ್ಟು ನೆತ್ತಿಗೇರಿ ಹಿಡಕಲ್‌ಗೆ ಹೋಗಿ ಗುತ್ತಿಗೆದಾರನನ್ನು ಹಿಡಿದೆ.

ಆತ ಹೆದರಲೂ ಇಲ್ಲ, ನಾಚಲೂ ಇಲ್ಲ. ಚಹಾ ತರಿಸಿದ.

"ಡೀಸೆಲ್ ಭಾಳ ತಿಂತಿತ್ರಿ, ಅದಕ್ಕ ಶಾಫ್ಟ್ ತಗಸಿದ್ನಿ" ಅಂದ. "ಲಿವರ್ ಅಷ್ಟ ಬಿಟ್ಟೀನಿ. ನಡಸಾವ್ರಿಗೆ ಮನಸಿಗೆ ಧೈರ್ಯ ಇರ್ಲಿ ಅಂತ."

೫. ತಿಳಸ್ತೀವ್ರಿ

ಇದನ್ನು ಹೇಳುವ ಮೊದಲು ನಮ್ಮ ಮಂದಿಯ ಒಂದು ರಿವಾಜು ಹೇಳಬೇಕು. ಹೆಣ್ಣು ನೋಡಲು ಹೋದ ಮನೆಯಲ್ಲಿ ಅವಲಕ್ಕಿ ತಿನ್ನಬಹುದು, ಚಹಾ ಕುಡಿಯಬಹುದು, ಅದಕ್ಕೇನೂ ಅರ್ಥವಿಲ್ಲ. ಆದರೆ ಸಿಹಿ ಊಟಕ್ಕೆ ಕೂತರೋ, ಸಂಬಂಧ ಒಪ್ಪಿದ ಹಾಗೆ. ಒಪ್ಪದವರು ಚಹಾ ಮುಗಿಸಿ "ತಿಳಸ್ತೀವ್ರಿ" ಎಂದು ಎದ್ದು ಬರುತ್ತಾರೆ. ಆಮೇಲೆ ಯಾರೂ ಏನೂ ತಿಳಿಸುವುದಿಲ್ಲ.

ನನ್ನ ಮಾವ, ಅಂದರೆ ಮನೆಯಾಕೆಯ ತಂದೆ, ಈ ವಿದ್ಯೆಯಲ್ಲಿ ಪಳಗಿದವರು. ಮಗನಿಗೆ ಗೋಕಾಕದಲ್ಲಿ ಔಷಧ ಅಂಗಡಿ ಇತ್ತು. ಅವನಿಗೆ ಹೆಣ್ಣು ಹುಡುಕುತ್ತ ಊರೂರು ಅವಲಕ್ಕಿ ತಿಂದು ಬಂದಿದ್ದರು. ಒಂದು ಕಡೆ ಹುಡುಗಿ ಎತ್ತರವಾದಳು, ಇನ್ನೊಂದು ಕಡೆ ಹುಡುಗಿಯ ಸೋದರಮಾವ ಹೆಚ್ಚು ಮಾತಾಡಿದ. ನನ್ನ ಭಾವಮೈದುನನೋ, ಎಲ್ಲಿ ಹೋದರೂ ತಲೆ ಎತ್ತದೆ ತಟ್ಟೆಯನ್ನೇ ನೋಡುವವನು. ಅಷ್ಟೂ ಮನೆ ಸುತ್ತಿದರೂ ಅವನಿಗೆ ಅವಲಕ್ಕಿಯ ಬಗ್ಗೆ ತಿಳಿದಿತ್ತೇ ಹೊರತು ಹುಡುಗಿಯರ ಬಗ್ಗೆ ಏನೂ ತಿಳಿದಿರಲಿಲ್ಲ.

ನಿಡಸೋಸಿಯಲ್ಲಿ ಒಂದು ಮನೆ ಇದೆ ಎಂದಾಗ ನನ್ನ ಜೀಪೇ ಹೊರಟಿತು. ಮಾವ ನನ್ನ ಪಕ್ಕದ ಸೀಟಿನಲ್ಲಿ, ಹಿಂದೆ ಅಕ್ಕ ತಮ್ಮ. ಹತ್ತುವಾಗ ಮನೆಯಾಕೆ ನನ್ನ ಕಿವಿಯಲ್ಲಿ ಒಂದೇ ಮಾತು ಹೇಳಿದಳು: "ಹುಕ್ಕೇರಿ ಏರಿನ್ಯಾಗ ಹೂಂ ಅಂದದ್ದು ನೆನಪೈತೆಲ್ಲ?" ನೆನಪಿತ್ತು. ದಾರಿಯುದ್ದಕ್ಕೂ ಎಂಜಿನ್ ಸ್ವಲ್ಪ ಕೆಮ್ಮಿದರೂ ಒಂದೊಂದು ದೇವರಿಗೆ ಕಾಯಿ ಹರಕೆ ಹೊರುತ್ತಿದ್ದೆ. ಪುಣ್ಯಕ್ಕೆ ಎಲ್ಲಿಯೂ ನಿಲ್ಲದೆ ಹೋಗಿ ಮುಟ್ಟಿತು.

ಹುಡುಗಿ ತಟ್ಟೆ ತಂದಿಟ್ಟು ಕೂತಳು. ಮಾವ ಕೇಳಿದರು: "ಹೊಲಿಗಿ ಬರತೈತೇನವ್ವಾ?"

"ಇಲ್ರಿ."

"ಕಸೂತಿ?"

"ಅದೂ ಇಲ್ರಿ."

"ಮತ್ತೇನ್ ಬರತೈತಿ?"

"ಟ್ರ್ಯಾಕ್ಟರ್ ಬರತೈತ್ರಿ. ಬಾವಿ ಮ್ಯಾಲಿನ ಎಂಜಿನ್ ಕೆಟ್ರ ನಾನ ಬಿಚ್ಚಿ ಚಾಲೂ ಮಾಡ್ತೀನಿ."

ಮಾವನ ಚಹಾದ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಭಾವಮೈದುನ ಮಾತ್ರ ತಟ್ಟೆಯಿಂದ ತಲೆ ಎತ್ತಿದ. ಎತ್ತಿದವನು ಇಳಿಸುವುದನ್ನು ಮರೆತ. ಹುಡುಗಿ ಒಳಗೆ ಎದ್ದು ಹೋದಳು. ಮಾವ ಚಹಾ ಗುಟುಕರಿಸಿ, ಅವಳ ತಂದೆಗೆ, "ಆತ್ರಿ, ತಿಳಸ್ತೀವ್ರಿ" ಅಂದರು. ಮಗನ ಮುಖ ಬಾಡಿತು. ಅದನ್ನು ಕಂಡು ನನಗೂ ಕೆಡುಕೆನಿಸಿತು.

ಹೋದಲ್ಲೆಲ್ಲ ರೇಡಿಯೇಟರಿಗೆ ಒಂದು ಕೊಡ ನೀರು ಕೇಳುವುದು ನನ್ನ ಪದ್ಧತಿ. ಇಲ್ಲಿಯೂ ಕೇಳಿದೆ. ಹುಡುಗಿಯೇ ಕೊಡ ಹಿಡಿದು ಬಂದಳು. "ನೀವು ಚಹಾ ಮುಗಸ್ರಿ, ನಾ ಹಾಕ್ತೀನಿ" ಎಂದು ಹೊರಗೆ ಹೋದಳು. ಎಷ್ಟು ಒಳ್ಳೆಯ ಹುಡುಗಿ ಅಂದುಕೊಂಡೆ.

ಎಲ್ಲರೂ ಹತ್ತಿದೆವು. ಗಾಡಿ ಒಂದೇ ಹೊಡೆತಕ್ಕೆ ಶುರುವಾಯಿತು. ಓಣಿಯ ಮೂಲೆಯವರೆಗೆ ಹೋಯಿತು, ಎರಡು ಸಲ ಬಿಕ್ಕಿತು, ನಿಂತಿತು. ಹಿಂದಿನ ಸೀಟಿನಿಂದ ಮನೆಯಾಕೆ ಬರೀ "ಹೂಂ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಇಳಿದು ಬಾನೆಟ್ ಎತ್ತಿದೆ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಗಾಡಿ ಹೀಗೇ ನಿಲ್ಲುತ್ತದೆ. ಏರ್ ಹಿಡಿದಿದೆ ಎನ್ನುತ್ತೇವೆ. ಗಾಳಿ ಹೊರಗೆ ಹೋಗಲೆಂದು ಪಂಪು ಒತ್ತಿದೆ, ಒತ್ತಿದೆ, ಹನಿ ಡೀಸೆಲ್ ಬರಲಿಲ್ಲ. ಪೈಪು ಬಿಚ್ಚಿ ಊದಿದೆ. ಫಿಲ್ಟರ್ ತೊಳೆದೆ. ದನಕ್ಕೆ ಚುಚ್ಚುವ ದೊಡ್ಡ ಸಿರಿಂಜಿನಿಂದ ಎಳೆದೆ. ಓಣಿಯವರೆಲ್ಲ ಕೂಡಿ ಸಲಹೆ ಕೊಟ್ಟರು. ಅಂಗಿ ಮಸಿಯಾದದ್ದಕ್ಕೆ ನನಗೆ ಬೇಸರವಿರಲಿಲ್ಲ. ಈ ಗಾಡಿಯನ್ನು ಗುಜರಿಯವನು ಕೊಡಲಿಯಿಂದ ಒಡೆಯುವುದು ಕಣ್ಣ ಮುಂದೆ ಬರುತ್ತಿತ್ತು, ಅದು ಸಂಕಟ.

ಬಿಸಿಲು ನೆತ್ತಿಗೆ ಬಂತು. ಬಸ್ಸು ಇದ್ದದ್ದು ಸಂಜೆಗೆ. ಮಾವ ಮಾನ ಬಿಡದೆ ಕಾದ ಸೀಟಿನ ಮೇಲೆಯೇ ಕೂತಿದ್ದರು. ಹುಡುಗಿಯ ತಂದೆ ಬಂದು, "ಒಳಗ ಬರ್ರಿ, ಎರಡ ತುತ್ತ ಊಟಾ ಮಾಡ್ರಿ" ಅಂದರು.

"ಬ್ಯಾಡ್ರಿ, ಚಹಾ ಆತಲ್ಲ."

ಆ ಮನೆಯಿಂದ ಹೂರಣ ಬೇಯುವ ವಾಸನೆ ಓಣಿ ತುಂಬ ಬರತೊಡಗಿತು. ಮಾವ ಮುಖ ತಿರುಗಿಸಿದರು. ವಾಸನೆ ಆ ಕಡೆಯಿಂದಲೂ ಬಂತು. ಆಗ ಯಾವ ಹೆಣ್ಣಿನ ಮನೆಯಲ್ಲಿಯೂ ಬಾಯಿ ಬಿಡದ ಭಾವಮೈದುನ ಬಾಯಿ ಬಿಟ್ಟ.

"ಅಪ್ಪಾ, ನನಗ ಹಸಿವಾಗೈತಿ."

"ಈಗ ಅವಲಕ್ಕಿ ತಿಂದೆಲ್ಲೋ."

"ಅವಲಕ್ಕಿ ತಿಂದ ತಿಂದ ನನಗ ಸಾಕಾಗೈತಿ."

ಮಾವ ಮಗನನ್ನು ನೋಡಿದರು. ಇನ್ನೊಮ್ಮೆ ನೋಡಿದರು. ಏನು ತಿಳಿಯಿತೋ, ಧೋತರ ಕೊಡವಿ ಜೀಪಿನಿಂದ ಇಳಿದು ಒಳಗೆ ನಡೆದರು. ಮೊದಲ ಹೋಳಿಗೆಗೆ ತುಪ್ಪ ಹೊಗಳಿದರು. ಎರಡನೆಯದಕ್ಕೆ, ಮನೆಯಲ್ಲಿ ಎಂಜಿನ್ ಬಲ್ಲವರು ಒಬ್ಬರಾದರೂ ಇರಬೇಕು ಎಂದು ನನ್ನನ್ನು ನೋಡುತ್ತ ಹೇಳಿದರು. ಮೂರನೆಯದಕ್ಕೆ ಮುಹೂರ್ತದ ಮಾತು ತೆಗೆದರು.

ಉಂಡ ಮೇಲೆ ಆಸೆ ಬಿಟ್ಟು ಜೀಪಿನ ಹತ್ತಿರ ಹೋದೆ. ಹುಡುಗಿ ಇನ್ನೊಂದು ಕೊಡ ನೀರು ಹಿಡಿದು ಅಲ್ಲೇ ನಿಂತಿದ್ದಳು. "ಈಗೊಮ್ಮೆ ನೋಡ್ರಿ" ಅಂದಳು. ಪಂಪು ಒತ್ತಿದೆ. ಡೀಸೆಲ್ ಬುಳುಬುಳು ಬಂತು, ಗಾಡಿ ಶುರುವಾಯಿತು. ಪೈಪಿನ ಯಾವ ಮೂಲೆಯಲ್ಲಿ ಗಾಳಿ ಅಡಗಿತ್ತು, ಅದನ್ನು ನಾನು ಹೇಗೆ ಹೊರಗೆ ಹಾಕಿದೆ ಎಂದು ಓಣಿ ಮಂದಿಗೆಲ್ಲ ಕೈ ತಿರುಗಿಸಿ ವಿವರಿಸಿದೆ. ಹುಡುಗಿಯೂ ಬಹಳ ಶ್ರದ್ಧೆಯಿಂದ ಕೇಳಿದಳು.

ಮನೆಯಾಕೆ ಮಾತ್ರ ಕರಗಲಿಲ್ಲ. "ನಿಂತಿತೋ ಇಲ್ಲೋ?"

"ನಿಂತಿತು."

"ಆತ ಹಂಗಾರ, ಗುಜರಿಗೆ ಹೋಗ್ಲಿ."

ಮದುವೆಗೆ ಪಾತ್ರೆ, ಕಟ್ಟಿಗೆ ಹೇರಬೇಕಾದ್ದರಿಂದ ಜೀಪಿಗೆ ಅಲ್ಲಿಯವರೆಗೆ ಜೀವದಾನ ಸಿಕ್ಕಿತು. ಮದುವೆ ಮುಗಿಯಿತು. ಹೊಸ ಗಂಡ ಹೆಂಡತಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆದ ದಿನವೇ ಗುಜರಿಯವನೂ ಬಂದ. ಜೀಪಿನ ಸುತ್ತ ತಿರುಗಿ, ಗಾಲಿ ಒದ್ದು, "ಇದನ್ನ ತೂಕಕ್ಕ ಹಾಕೂದ್ರಿ" ಅಂದ. ನಾನು ಬಾನೆಟ್ ಮೇಲೆ ಕೈ ಇಟ್ಟು ನಿಂತಿದ್ದೆ. ನಿಜ ಹೇಳಬೇಕೆಂದರೆ ಅಳು ಬಂದಿತ್ತು.

ಹೊಸ ಸೊಸೆ ಹೊರಗೆ ಬಂದು ನನ್ನ ಮುಖ ನೋಡಿದಳು. "ಯಾಕ್ರಿ ಅಕ್ಕಾರ, ಚೊಲೊ ಗಾಡಿ ಕೊಡಾಕತ್ತೀರಿ?"

"ಏನ್ ಚೊಲೊ? ನಿಮ್ಮ ಓಣ್ಯಾಗ ನಮ್ಮಪ್ಪನ್ನ ಬಿಸಲಾಗ ಕುಂದರಿಸಿತ್ತಲ್ಲ."

ಅವಳು ಸೆರಗಿನ ತುದಿ ತಿರುವಿದಳು. "ಅದು ಗಾಡಿ ತಪ್ಪಲ್ರಿ" ಅಂದಳು. "ನೀರ ಹಾಕಾಕ ಬಂದಾಗ ಎಡಗಡೆ ಸೀಟಿನ ಕೆಳಗ ನಮ್ಮ ಬಾವೀ ಎಂಜಿನ್‌ದಂಥಾದ ಟ್ಯಾಂಕ್ ಕಂಡ್ತು. ಅದರ ಡೀಸೆಲ್ ನಳ ಬಂದ್ ಮಾಡಿದ್ನಿ. ಊಟಾ ಆದಮ್ಯಾಲ ತಗದ್ನಿ."

ಟ್ಯಾಂಕಿನಿಂದ ಡೀಸೆಲ್ ಬಿಡುವ ಆ ನಲ್ಲಿಯನ್ನು ನಾನು ಕೊಂಡ ದಿನದಿಂದ ಮುಟ್ಟಿದವನೇ ಅಲ್ಲ. ಅಂಥದೊಂದು ಇದೆ ಎಂಬುದೂ ಮರೆತಿತ್ತು.

"ಯಾಕವ್ವಾ?" ಎಂದಳು ಮನೆಯಾಕೆ.

"ನನ್ನ ನೋಡಾಕ ಬಂದಾವ್ರೆಲ್ಲಾ ತಿಳಸ್ತೀವಿ ಅಂತ ಹೋದ್ರು, ಯಾರೂ ತಿಳಸಲೇ ಇಲ್ರಿ. ಇವ್ರರ ತಿಳಿಸೇ ಹೋಗ್ಲಿ ಅಂತ."

ಭಾವಮೈದುನ ಹಳೆಯ ರೂಢಿಯಂತೆ ನೆಲ ನೋಡುತ್ತಿದ್ದ, ಆದರೆ ಕಿವಿಯವರೆಗೂ ನಗು. ಮನೆಯಾಕೆ ಜೀಪಿನ ಸುತ್ತ ಇನ್ನೊಂದು ಸುತ್ತು ಹಾಕಿದಳು. ಆಮೇಲೆ ಗುಜರಿಯವನಿಗೆ, "ಗಾಡಿ ಕೊಡೂದಿಲ್ಲಪಾ, ಹೋಗು" ಅಂದಳು. ಆತ ಗೊಣಗುತ್ತ ಹೋದ. ನಾನು ಕುಣಿಯುವುದೊಂದು ಬಾಕಿ. ಆಗ ಆಕೆ ತಮ್ಮನ ಹೆಂಡತಿಯ ಕೈ ಹಿಡಿದು, ದನಿ ತಗ್ಗಿಸಿ, "ಆ ನಳ ಎಲ್ಲೈತಿ, ನನಗೂ ಒಂದೀಟ ತೋರಸ ಬಾ" ಅಂದಳು.

ಅಂದಿನಿಂದ ಮನೆಯಾಕೆ ನನ್ನ ಪಕ್ಕದ ಎಡಗಡೆ ಸೀಟಿನಲ್ಲಿಯೇ ಕೂರುತ್ತಾಳೆ. ಜೀಪು ಏರಿನಲ್ಲಿ ನಿಲ್ಲುವುದಿಲ್ಲ, ಕೆಸರಿನಲ್ಲಿ ನಿಲ್ಲುವುದಿಲ್ಲ. ಗೋಕಾಕದ ಬಜಾರಿನಲ್ಲಿ ಸೀರೆ ಅಂಗಡಿಯ ಮುಂದೆ ಮಾತ್ರ ಎರಡು ಸಲ ಬಿಕ್ಕಿ ನಿಲ್ಲುತ್ತದೆ. ನಾನು ಏನೂ ಗೊತ್ತಿಲ್ಲದವನಂತೆ ಇಳಿದು ಬಾನೆಟ್ ಎತ್ತುತ್ತೇನೆ. ಆಕೆ ಅಂಗಡಿಯ ಮೆಟ್ಟಿಲು ಹತ್ತುತ್ತ, "ಏರ್ ಹಿಡದಿರಬೇಕು, ಸಾವಕಾಶ ನೋಡ್ರಿ" ಅನ್ನುತ್ತಾಳೆ. "ನನಗೇನ್ ಅವಸರಿಲ್ಲ."